ನಮ್ಮ ತೋಟದ ದೊರೆ ಬಂಗಲೆ ನಿಜಕ್ಕೂ 1865ರದ್ದಾ?

ಹಾನುಬಾಳ್ ಹೈದ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ನಮ್ಮದೊಂದು ಕಾಫಿ ತೋಟ ಇದೆ. ಅದರೊಳಗೆ ಒಂದು ಹಳೇ ಬಂಗಲೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಅಜ್ಜ ಒಬ್ಬ ಇಂಗ್ಲಿಷ್ ಪ್ಲಾಂಟರ್ ಹತ್ತಿರ ಕೊಂಡಿದ್ದು. ಅಜ್ಜ, ಅಪ್ಪ, ಈಗ ನಾವು, ಮೂರು ತಲೆಮಾರು ಅಲ್ಲೇ ಬಾಳಿದ್ದೇವೆ. ಆದರೂ ಊರವರ ಬಾಯಲ್ಲಿ ಇವತ್ತಿಗೂ ಅದು ‘ದೊರೆ ಬಂಗಲೆ’ಯೇ. ಅಜ್ಜನ ಹೆಸರು ಅದಕ್ಕೆ ಅಂಟಲೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಿಕ್ಕಪ್ಪನ ಮಗ ಬಂಗಲೆಯ ಮುಂಭಾಗವನ್ನು ಹೋಂಸ್ಟೇ ಮಾಡಲು ಹೊರಟಿದ್ದಾನೆ. ಗೇಟಿನ ಬೋರ್ಡಿನಲ್ಲಿ ‘1865ರಿಂದ’ ಅಂತ ಬರೆಸಬೇಕಂತೆ. ಆಧಾರ ಏನಪ್ಪಾ ಅಂದರೆ ಮಾಡಿನಿಂದ ಒಂದು ಹಂಚು ಇಳಿಸಿ ತೋರಿಸಿದ. ಬಾಸೆಲ್ ಮಿಷನ್ ಹೆಸರು, ಜೊತೆಗೆ 1865. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ. ಅವನೋ ಪೇಂಟರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ.

ನಮ್ಮ ಹತ್ತಿರ ಇರುವುದು ಇಷ್ಟು. ಅಜ್ಜನ ಕ್ರಯಪತ್ರ, ಹಳೇ ಮಳೆ ರಿಜಿಸ್ಟರ್, ಗೋದಾಮಿನಲ್ಲಿ ತುಕ್ಕು ಹಿಡಿದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಆಫೀಸ್ ರೂಮಿನ ಅಟ್ಟದಲ್ಲಿ ಗೆದ್ದಲು ಅರ್ಧ ತಿಂದ ಪುಸ್ತಕಗಳ ರಾಶಿ. ಮನೆಯ ವಯಸ್ಸು ಹೇಗೆ ಕಂಡುಹಿಡಿಯೋದು? ಗೊತ್ತಿರುವವರು ಹೇಳಿ.

ಹಂಚಿನಮನೆ

ಪೇಂಟರ್‌ನ ನಿಲ್ಲಿಸಿ ಮೊದಲು. 😀

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ನೇತ್ರಾವತಿ ದಡದ ಜೇಡಿಯಲ್ಲಿ ಪ್ರಯೋಗ ಮಾಡಿ ಶುರು ಮಾಡಿದ್ದು. ಆ ಹಂಚುಗಳ ಮೇಲೆ ಕಾಣುವ ಇಸವಿ ಕಾರ್ಖಾನೆ ಹುಟ್ಟಿದ ವರ್ಷ. ನಿಮ್ಮ ಹಂಚು ಸುಟ್ಟ ವರ್ಷ ಅಲ್ಲ. ಕರಾವಳಿಯಲ್ಲಿ ಇದೇ ಇಸವಿ ತೋರಿಸಿ ‘ನಮ್ಮ ಮನೆ 1865ರದ್ದು’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಾಗೆ ನೋಡಿದರೆ ಅರ್ಧ ದಕ್ಷಿಣ ಕನ್ನಡ ಒಂದೇ ವರ್ಷದಲ್ಲಿ ಕಟ್ಟಿದ್ದು ಅನ್ನಬೇಕಾಗುತ್ತೆ.

ಆದರೆ ಹಂಚು ಪೂರ್ತಿ ನಿರುಪಯೋಗಿ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡರು, ಜರ್ಮನ್ ನಂಟು ಇತ್ತಲ್ಲ. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಬಾಸೆಲ್ ಮಿಷನ್ ಹೆಸರಿನ ಹಂಚು ಸಾಮಾನ್ಯವಾಗಿ ಆ ಯುದ್ಧಕ್ಕಿಂತ ಹಿಂದಿನದು. ಒಂದೇ ಹಂಚು ನೋಡಬೇಡಿ. ಮಾಡಿನ ನಾಲ್ಕೂ ಕಡೆ ನೋಡಿ. ಬೇರೆ ಬೇರೆ ಕಾರ್ಖಾನೆ ಹೆಸರು ಇದ್ದರೆ ಯಾವ ಭಾಗಕ್ಕೆ ಯಾವುದು ಅಂತ ಬರೆದಿಡಿ. ಬೇರೆ ಮನೆ ಕೆಡವಿದಾಗ ಹಂಚು ತಂದು ಹೊದಿಸುವ ರೂಢಿಯೂ ಇದೆ, ನೆನಪಿರಲಿ.

ಗಾರೆ ಕೆಲಸ

ಹಳೇ ಮನೆಗಳ ರಿಪೇರಿ ನನ್ನ ಕಸುಬು. ಹಂಚಿನವರು ಹೇಳಿದ್ದು ಸರಿ, ಅದಕ್ಕೊಂದು ಮಾತು ಸೇರಿಸುತ್ತೇನೆ. ಹಂಚು ಮಾಡಿನ ಕಥೆ ಹೇಳುತ್ತೆ, ಗೋಡೆಯದ್ದಲ್ಲ. ಮೊದಲ ಪ್ಲಾಂಟರ್‌ಗಳು ಕಾಡು ಕಡಿದು ಹಾಕಿಕೊಂಡ ಬಂಗಲೆಗಳೆಲ್ಲ ಹುಲ್ಲಿನ ಮಾಡಿನವು. ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು, ಅಲ್ಲಿವರೆಗೆ ಕೈಯಲ್ಲಿ ದುಡ್ಡೆಲ್ಲಿ? ಫಸಲು ಸಿಕ್ಕ ಮೇಲೆ ಹುಲ್ಲು ತೆಗೆದು ಹಂಚು. ಇನ್ನಷ್ಟು ದುಡ್ಡು ಬಂದರೆ ಮುಂದೆ ಎರಡು ರೂಮು, ಜಗಲಿ, ಫೈರ್‌ಪ್ಲೇಸ್. ಈ ಬಂಗಲೆಗಳು ಒಂದೇ ಸಲ ಕಟ್ಟಿದವಲ್ಲ. ಕಾಫಿ ರೇಟು ನೋಡಿಕೊಂಡು ಬೆಳೆದವು.

ಅದಕ್ಕೆ ಗೋಡೆ ನೋಡಿ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಇಟ್ಟಿಗೆ ಒಂದಕ್ಕೊಂದು ಕಚ್ಚಿಕೊಂಡಿದೆಯಾ, ಸುಮ್ನೆ ತಾಗಿಸಿ ನಿಲ್ಲಿಸಿದ್ದಾರಾ? ತಾಗಿಸಿದ್ದರೆ ಒಂದು ಆಮೇಲಿನದು. ಗೋಡೆ ದಪ್ಪ ಎಲ್ಲಿ ಬದಲಾಗುತ್ತೆ? ಮಣ್ಣಿನ ಗೋಡೆ ಎಲ್ಲಿ ಮುಗಿದು ಸುಟ್ಟ ಇಟ್ಟಿಗೆ ಎಲ್ಲಿ ಶುರು? ಗಾರೆ ಸುಣ್ಣದ್ದಾ, ಸಿಮೆಂಟಾ? ಮಾಡಿನ ಪಕ್ಕಾಸು, ರೀಪುಗಳಲ್ಲಿ ಹಳೇ ಮೊಳೆ ತೂತುಗಳು ಖಾಲಿ ಇದ್ದರೆ ಆ ಮರ ಬೇರೆಲ್ಲೋ ಇದ್ದು ಇಲ್ಲಿಗೆ ಬಂದಿದ್ದು.

ಕಬ್ಬಿಣದ ತೊಲೆ ಏನಾದರೂ ಇದೆಯಾ? ಇದ್ದರೆ ಉಜ್ಜಿ ನೋಡಿ, ಕಂಪನಿ ಹೆಸರು ಎದ್ದು ಕಾಣುತ್ತೆ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಹೋಂಸ್ಟೇ ನೆಪದಲ್ಲಿ ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಬೇಡಿ. ನಿಮ್ಮ ಕಡೆಯ ಮಳೆಗೆ ಗೋಡೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಸಿಮೆಂಟ್ ಹಾಕಿದರೆ ಒಳಗಿನ ಪಸೆಗೆ ದಾರಿಯೇ ಇಲ್ಲ. ಪದರ ಪದರ ಉದುರುತ್ತೆ, ಒಳಗಡೆ ಮರಕ್ಕೆ ಗೆದ್ದಲು. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಯಾರೂ ಕೇಳಲ್ಲ.

ಸುಮ್ನೆ ಓದೋನು

ಬೋರ್ಡಲ್ಲಿ ಏನು ಬರೆದರೂ ಟೂರಿಸ್ಟ್‌ಗೆ ಬೇಕಾಗಿರೋದು ಅಕ್ಕಿರೊಟ್ಟಿ, ಕೋಳಿ ಸಾರು. ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ?

ಹಳೇ ದಫ್ತರ

ಬೇಕು ಸ್ವಾಮಿ. ಸುಳ್ಳು ಇಸವಿ ಒಂದು ಸಲ ಬೋರ್ಡಿಗೆ ಹತ್ತಿದರೆ ಮುಂದಿನ ತಲೆಮಾರು ಅದನ್ನೇ ಇತಿಹಾಸ ಅಂತ ಓದುತ್ತೆ.

ಹೈದ ಅವರೇ, ಮೊದಲು ಸೀಮೆಯ ಕಥೆ ತಿಳಿದುಕೊಳ್ಳಿ, ಆಗ ಮನೆಯನ್ನು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗುತ್ತೆ. ಬಾಬಾಬುಡನ್ ಗಿರಿಯ ಏಳು ಬೀಜದ ಕಥೆ ಎಲ್ಲರಿಗೂ ಗೊತ್ತು, ಬಿಡಿ. ನಿಮ್ಮ ಮಂಜರಾಬಾದ್ ಸೀಮೆಯಲ್ಲಿ (ಸಕಲೇಶಪುರ ಕಡೆಯ ಹಳೇ ಹೆಸರು) ಯುರೋಪಿಯನ್ನರ ಮೊದಲ ತೋಟ ಹಾಕಿದವನು ಫ್ರೆಡರಿಕ್ ಗ್ರೀನ್, 1843ರಲ್ಲಿ. ಅದಕ್ಕೂ ಮುಂಚೆ ಚಿಕ್ಕಮಗಳೂರು ಕಡೆ ಕ್ಯಾನನ್ ಎಂಬಾತ ಶುರು ಮಾಡಿದ್ದ. ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ ಮಂಜರಾಬಾದಿಗೆ ಬಂದದ್ದು 1856ರಲ್ಲಿ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು, 1831ರಿಂದ 1881ರವರೆಗೆ. ದೊರೆಗಳಿಗೆ ಜಮೀನು ಸಲೀಸಾಗಿ ಸಿಕ್ಕಿದ ಕಾಲ ಅದು.

ಇಲ್ಲೊಂದು ತಿರುವು ಇದೆ. 1860ರ ದಶಕದ ಕೊನೆಗೆ ಬಿಳಿ ಕಾಂಡಕೊರಕ ಹುಳು ತೋಟಗಳನ್ನು ತಿಂದುಹಾಕಿತು. ಬಿಡೀ ಎಂಬ ಡಾಕ್ಟರ್ ಅದರ ಮೇಲೆ ಸರ್ಕಾರಕ್ಕೆ ವರದಿಯನ್ನೇ ಕೊಟ್ಟ. ಅದರ ಹಿಂದೆಯೇ ಎಲೆ ತುಕ್ಕು ರೋಗ ಬಂತು. ಸಿಲೋನಿನಲ್ಲಿ 1869ರಲ್ಲಿ ಕಂಡದ್ದು ಸ್ವಲ್ಪ ಕಾಲದಲ್ಲೇ ನಮ್ಮ ಕಡೆಗೂ ತಲುಪಿತು. ಹಳೇ ‘ಚಿಕ್’ ತಳಿ ನೆಲಕಚ್ಚಿತು. ಕೊಡಗಿನಿಂದ ಬೀಜ ತಂದು ಮತ್ತೆ ಗಿಡ ಹಾಕಿದರು, ಕೆಲವರು ತೋಟ ಬಿಟ್ಟು ಹೋದರು. ಅಂದರೆ 1865ರಲ್ಲಿ ಅಲ್ಲೊಂದು ಮನೆ ಇದ್ದಿದ್ದರೂ ಮುಂದಿನ ಹತ್ತು ವರ್ಷ ಅದರಲ್ಲಿ ದೀಪ ಹಚ್ಚುವವರು ಇದ್ದರಾ ಅನ್ನುವುದೇ ಪ್ರಶ್ನೆ.

ಈಗ ಕಾಗದಕ್ಕೆ ಬರೋಣ. ಅಜ್ಜನ ಕ್ರಯಪತ್ರವನ್ನು ಕೊನೆಯಿಂದಲ್ಲ, ಮೊದಲಿಂದ ಓದಿ. ಮಾರುವವನಿಗೆ ಆಸ್ತಿ ಹೇಗೆ ಬಂತು ಅಂತ ಅಲ್ಲಿ ಬರೆದಿರುತ್ತಾರೆ, ಹಿಂದಿನ ಪತ್ರದ ನಂಬರ್, ತಾರೀಕು ಸಮೇತ. ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಅದರ ಹಿಂದಿನ ಪತ್ರ, ಹೀಗೇ ಒಂದೊಂದೇ ಮೆಟ್ಟಿಲು. ತಾಲ್ಲೂಕು ಕಚೇರಿಯಲ್ಲಿ ಕೈಬರಹದ ಪಹಣಿ ಕೇಳಿ, ಕಂಪ್ಯೂಟರ್ ಪಹಣಿ ಸಾಲದು. ಮದ್ರಾಸಿನ ಅಸೈಲಮ್ ಪ್ರೆಸ್ ಪ್ರಕಟಿಸುತ್ತಿದ್ದ ವಾರ್ಷಿಕ ಡೈರೆಕ್ಟರಿಯಲ್ಲಿ ತೋಟದ ಹೆಸರು, ಮಾಲೀಕನ ಹೆಸರು ಇರುತ್ತಿತ್ತು. ಕಲ್ಕತ್ತೆಯ ಥ್ಯಾಕರ್ ಡೈರೆಕ್ಟರಿಯೂ ಹಾಗೇ. ಕೆಲವು ವರ್ಷದವು ನೆಟ್‌ನಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಂದಾಯ ಕಡತಗಳಿವೆ, ತಾಳ್ಮೆ ಬೇಕು ಅಷ್ಟೆ.

ಕಿತ್ತಳೆ ತೋಟ

ನಾನು ಕೊಡಗಿನವಳು. ನಮ್ಮಲ್ಲಿ ಫೌಲರ್ ಮಡಿಕೇರಿ ಹತ್ತಿರ ತೋಟ ಮಾಡಿದ್ದು 1854ರಲ್ಲಿ. ನಮ್ಮ ಕಡೆ ಎರಡು ಬಗೆಯ ಮನೆಗಳಿವೆ, ಅವನ್ನು ಕಲಸಬೇಡಿ. ಐನ್‌ಮನೆ ಒಕ್ಕದ, ಅಂದರೆ ಇಡೀ ಮನೆತನದ ಮನೆ. ಅದಕ್ಕೆ ಗದ್ದೆ, ಬಾಣೆ (ಗದ್ದೆಗೆ ಸೇರಿದ ಕಾಡುಜಾಗ), ಕೈಮಡ (ಹಿರಿಯರ ಗುಡಿ) ಎಲ್ಲ ಸೇರಿರುತ್ತೆ, ಯಾರೂ ಒಬ್ಬರೇ ಮಾರುವ ಹಾಗಿಲ್ಲ. ದೊರೆ ಬಂಗಲೆ ಮಾತ್ರ ಕೈಯಿಂದ ಕೈಗೆ ಮಾರಾಟವಾದದ್ದು. ಹಾಗಾಗಿ ಐನ್‌ಮನೆಯ ಇತಿಹಾಸ ಬಾಯಲ್ಲಿ ಉಳಿಯುತ್ತೆ, ಬಂಗಲೆಯದ್ದು ಕಾಗದದಲ್ಲಿ. ಹೈದ ಅವರ ಮನೆಗೆ ಕಾಗದವೇ ಗತಿ ಅಂತ ಕಾಣುತ್ತೆ.

ತೋಟದಲ್ಲಿ ಎಲ್ಲಾದರೂ ಹಳೇ ಗೋರಿ ಇದೆಯಾ ನೋಡಿ. ಲ್ಯಾಂಟಾನ ಸವರಿದರೆ ಕೆಲವೊಮ್ಮೆ ಕಾಣುತ್ತವೆ. ಕಲ್ಲಿನ ಮೇಲಿನ ಹೆಸರು, ಇಸವಿ ಯಾವ ಕ್ರಯಪತ್ರಕ್ಕಿಂತಲೂ ಕಡಿಮೆ ಅಲ್ಲ.

ಬಾಸ್ಟನ್ ಭಟ್ಟ

ಸ್ವಲ್ಪ ದೂರದ ಮಾತು. ಇಲ್ಲಿ ಅಮೆರಿಕದಲ್ಲಿ ನಮ್ಮ ಹತ್ತಿರ ಡೆಡ್‌ಹ್ಯಾಮ್ ಊರಿನಲ್ಲಿ ಫೇರ್‌ಬ್ಯಾಂಕ್ಸ್ ಮನೆ ಅಂತ ಇದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಿಂದ ಬಂದ ಜೊನಾಥನ್ ಫೇರ್‌ಬ್ಯಾಂಕ್ಸ್ ಕಟ್ಟಿದ ರೈತಾಪಿ ಮನೆ. ಒಂದೇ ಮನೆತನದ ಎಂಟು ತಲೆಮಾರು ಅಲ್ಲಿ ಬದುಕಿತು. ಕೊನೆಯದಾಗಿ ಇದ್ದ ರೆಬೆಕಾ ಎಂಬ ಮುದುಕಿ ಬಿಟ್ಟದ್ದು 1904ರಲ್ಲಿ. ಆಗ ಮನೆತನದವರೇ ಸಂಘ ಮಾಡಿಕೊಂಡು ಮನೆ ಉಳಿಸಿಕೊಂಡರು, ಈಗ ಮ್ಯೂಸಿಯಂ. ಅದರ ತೊಲೆಗಳ ಬೆಳವಣಿಗೆ ಉಂಗುರ ಪರೀಕ್ಷೆ ಮಾಡಿ ಮರ ಕಡಿದದ್ದು 1637ರಿಂದ 1641ರ ಒಳಗೆ ಅಂತ ಹೇಳಿದ್ದಾರೆ. ನಿಮ್ಮಲ್ಲೂ ಮಾಡಿಸಬಹುದಾ?

ಗಾರೆ ಕೆಲಸ

ಭಟ್ಟರೇ, ಚಳಿ ದೇಶದ ಓಕ್ ಮರಕ್ಕೆ ವರ್ಷಕ್ಕೊಂದು ಉಂಗುರ ಸ್ಪಷ್ಟ. ನಮ್ಮ ಬೀಟೆ, ಹಲಸು, ಹೊನ್ನೆ ಅಷ್ಟು ಸುಲಭ ಅಲ್ಲ. ತೇಗಕ್ಕೆ ಉಂಗುರ ಚೆನ್ನಾಗಿ ಬರುತ್ತೆ, ಆದರೆ ಹೋಲಿಸಿ ನೋಡಲು ಆ ಸೀಮೆಯ ಹಳೇ ಉಂಗುರಗಳ ಲೆಕ್ಕ ಬೇಕು. ಹಳ್ಳಿ ಬಂಗಲೆಗೆ ಅದು ದುಬಾರಿ ಬಾಬತ್ತು. ಮೂಲೆ ನೋಡೋದೇ ವಾಸಿ.

ಘಟ್ಟದ ಕೆಳಗಿನವ

ಎಲ್ಲರೂ ಹಂಚು, ತೊಲೆ, ದೊರೆ ಅಂತ ಮಾತಾಡುತ್ತಿದ್ದೀರಿ. ಆ ಹಂಚು ಹೊತ್ತವರು ಯಾರು?

ನಮ್ಮದು ಬಂಟ್ವಾಳದ ಕಡೆ. ನಮ್ಮ ಅಜ್ಜಿಯ ಅಪ್ಪ, ಅಮ್ಮ ಇಬ್ಬರೂ ಘಟ್ಟಕ್ಕೆ ಹೋಗಿ ದುಡಿದವರು. ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ದುಡ್ಡು ತೆಗೆದುಕೊಂಡ ಮೇಲೆ ಗುಂಪಾಗಿ ಘಟ್ಟ ಹತ್ತಬೇಕು. ಮುಂಗಡ ತೀರದೆ ವಾಪಸ್ ಬಂದರೆ? 1859ರಲ್ಲಿ ಬ್ರಿಟಿಷರು ಒಂದು ಕಾನೂನು ಮಾಡಿದ್ದರು. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಜೈಲಿಗೆ ಹಾಕಬಹುದಿತ್ತು. ಸಾಲ ತೀರಿಸದ ದೊರೆಗೆ ಸಿವಿಲ್ ಕೋರ್ಟ್, ಕೂಲಿಯವನಿಗೆ ಜೈಲು. ಅದನ್ನು ರದ್ದು ಮಾಡಿದ್ದು 1925ರಲ್ಲಿ. ಮಲೇರಿಯಾದ ಕಾಡಿನಲ್ಲಿ, ಕೂಲಿಯವರ ಸೋರುವ ಲೈನ್ ಮನೆಯಲ್ಲಿ ಇದ್ದು ಬಂದವರ ಮೊಮ್ಮಗ ನಾನು.

ನಿಮ್ಮ ಬಂಗಲೆಯ ಬಾತ್‌ರೂಮಿಗೆ ಹೊರಗಡೆಯಿಂದ ಒಂದು ಸಣ್ಣ ಬಾಗಿಲು ಇರುತ್ತೆ ನೋಡಿ, ಹೆಚ್ಚುಕಡಿಮೆ ಎಲ್ಲ ದೊರೆ ಬಂಗಲೆಗಳಲ್ಲೂ ಇದೆ. ಅದು ಗಾಳಿಗೆ ಅಲ್ಲ. ಮಲದ ಡಬ್ಬ ತೆಗೆಯುವವರು ಮನೆಯೊಳಗೆ ಕಾಲಿಡದೆ ಬಂದು ಹೋಗಲಿ ಅಂತ ಇಟ್ಟದ್ದು. ಹೋಂಸ್ಟೇ ಫೋಟೋದಲ್ಲಿ ಅದನ್ನು ‘ಪಾರಂಪರಿಕ ಬಾಗಿಲು’ ಅಂತ ಹಾಕಿದ್ದನ್ನೂ ನೋಡಿದ್ದೇನೆ.

ಸುಮ್ನೆ ಓದೋನು

ಶುರುವಾಯ್ತು. ಒಂದು ಮನೆಯ ಇಸವಿ ಕೇಳಿದರೆ ಎಲ್ಲದಕ್ಕೂ ಅನ್ಯಾಯದ ಕಥೆ ಬರಲೇಬೇಕಾ? ಹೈದ ಅವರ ಅಜ್ಜ ದುಡ್ಡು ಕೊಟ್ಟು ಕೊಂಡವರು, ಕೂಲಿಗೆ ಹೊಡೆದವರಲ್ಲ.

ಘಟ್ಟದ ಕೆಳಗಿನವ

ಅವರ ಅಜ್ಜನ ಬಗ್ಗೆ ನಾನು ಒಂದಕ್ಷರ ಬರೆದಿಲ್ಲ. ಮನೆಯ ಇತಿಹಾಸ ಕೇಳಿದ್ದಾರೆ, ನನಗೆ ಗೊತ್ತಿರುವ ಪಾಲು ಹೇಳಿದೆ.

ನಿರ್ವಾಹಕ

ಇಬ್ಬರೂ ಸ್ವಲ್ಪ ತಣ್ಣಗಾಗಿ. ಎರಡೂ ವಿಷಯಕ್ಕೆ ಸಂಬಂಧಪಟ್ಟ ಮಾತೇ. ಮುಂದುವರಿಯಲಿ.

ಹಾನುಬಾಳ್ ಹೈದ

ಎಲ್ಲ ಓದಿದೆ. ಅಣ್ಣಾ (ಘಟ್ಟದ ಕೆಳಗಿನವರಿಗೆ), ಬೇಜಾರೇನೂ ಇಲ್ಲ. ಆ ಬಾಗಿಲು ನಮ್ಮಲ್ಲೂ ಇದೆ. ಅಪ್ಪನನ್ನು ಕೇಳಿದೆ. ಅಜ್ಜ ಅದಕ್ಕೆ ಮೊಳೆ ಹೊಡೆಸಿ ಮುಚ್ಚಿದ್ದರಂತೆ, ಯಾಕೆ ಅಂತ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಭಾನುವಾರ ಪೂರ್ತಿ ಟಾರ್ಚ್ ಹಿಡಿದು ಓಡಾಡಿದ್ದೇ ಕೆಲಸ. ಹಿಂದಿನ ಎರಡು ಕೋಣೆ ಮಣ್ಣಿನ ಗೋಡೆ, ಒಂದೂವರೆ ಮೊಳಕ್ಕೂ ಜಾಸ್ತಿ ದಪ್ಪ. ಮುಂದಿನ ಹಾಲ್, ಜಗಲಿ, ಫೈರ್‌ಪ್ಲೇಸ್ ರೂಮು ಸುಟ್ಟ ಇಟ್ಟಿಗೆ. ಎರಡೂ ಸೇರುವ ಕಡೆ ಇಟ್ಟಿಗೆ ಕಚ್ಚಿಲ್ಲ, ಉದ್ದಕ್ಕೂ ಬಿರುಕು. ಅದು ಮಳೆಗೆ ಬಿಟ್ಟ ಬಿರುಕು ಅಂತ ಅಪ್ಪ ಪ್ರತಿ ವರ್ಷ ಮೆತ್ತುತ್ತಿದ್ದರು. ಹಾಲಿನ ಮೇಲೆ ಕಬ್ಬಿಣದ ತೊಲೆ ಇದೆ. ಉಜ್ಜಿದರೆ ‘ಡಾರ್ಮನ್ ಲಾಂಗ್’ ಅಂತ ಕಂಡಿತು. ಬಾಸೆಲ್ ಮಿಷನ್ ಹಂಚು ಇರುವುದು ಹಿಂದಿನ ಕೋಣೆಗಳ ಮೇಲೆ ಮಾತ್ರ. ಮುಂದೆ ಬೇರೆ ಕಾರ್ಖಾನೆಯದ್ದು. ಪಲ್ಪರ್ ಮೇಲೆ ‘ಮೆಕಿನನ್, ಆಬರ್ಡೀನ್’ ಅಂತ ಇದೆ.

ಕ್ರಯಪತ್ರದಲ್ಲಿ ಹಿಂದಿನ ಎರಡು ಮಾರಾಟದ ಮಾತು ಬರುತ್ತೆ. ಹಳೆಯದು ಮೊದಲ ಮಹಾಯುದ್ಧಕ್ಕಿಂತ ಮುಂಚಿನದು. ತಮಾಷೆ ಅಂದರೆ ತೋಟಕ್ಕೆ ಆಗ ಬೇರೆಯೇ ಹೆಸರಿತ್ತು, ನಮ್ಮಲ್ಲಿ ಯಾರೂ ಕೇಳಿಲ್ಲ. ಮಳೆ ರಿಜಿಸ್ಟರ್ ಶುರುವಾಗೋದು 1930ರ ದಶಕದಿಂದ. ದಿನದಿನದ ಮಳೆ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು). ಒಂದು ಕಡೆ ದೊರೆಯ ಕೈಬರಹ ನಿಂತು ಅಜ್ಜನದು ಶುರುವಾಗುತ್ತೆ, ನಡುವೆ ಒಂದು ದಿನವೂ ಬಿಟ್ಟಿಲ್ಲ! ತೋಟ ಮಾರಿದ ದಿನವೂ ಮಳೆ ಅಳೆದಿದ್ದಾರೆ.

ಗಾರೆ ಕೆಲಸ

ಭೇಷ್. ಡಾರ್ಮನ್ ಲಾಂಗ್ ಇಂಗ್ಲೆಂಡಿನ ಮಿಡಲ್ಸ್‌ಬರೋದ ಉಕ್ಕಿನ ಕಂಪನಿ, ಶುರುವಾದದ್ದೇ 1870ರ ದಶಕದಲ್ಲಿ. ಹಾಗಾಗಿ ಆ ಹಾಲ್ 1865ರದ್ದು ಆಗಲು ಸಾಧ್ಯವೇ ಇಲ್ಲ. ನನ್ನ ಲೆಕ್ಕ ಹೀಗೆ. ಹಿಂದಿನ ಎರಡು ಮಣ್ಣಿನ ಕೋಣೆ ಮೂಲ ಮನೆ, ಮೊದಲು ಹುಲ್ಲಿನ ಮಾಡು ಇದ್ದಿರಬಹುದು, ಯುದ್ಧಕ್ಕೆ ಮುಂಚೆ ಹಂಚು. ಮುಂಭಾಗ ಆಮೇಲೆ ಕಟ್ಟಿದ್ದು. ಆ ಬಿರುಕು ಬಿರುಕಲ್ಲ, ಎರಡು ಕಟ್ಟಡದ ಸಂದು. ಸಿಮೆಂಟ್ ಮೆತ್ತೋದು ನಿಲ್ಲಿಸಿ, ಸುಣ್ಣದ ಗಾರೆ ತುಂಬಿ. ಎರಡೂ ಕಡೆ ತಮ್ಮ ಪಾಡಿಗೆ ಕುಸಿಯುತ್ತವೆ, ಏಳುತ್ತವೆ, ಬಿಗಿದರೆ ಬೇರೆ ಕಡೆ ಒಡೆಯುತ್ತೆ.

ಹಳೇ ದಫ್ತರ

ಹಳೇ ಹೆಸರು ಸಿಕ್ಕಿದ್ದು ಲಾಟರಿ ಹೊಡೆದ ಹಾಗೆ. ಡೈರೆಕ್ಟರಿಗಳಲ್ಲಿ ಈಗ ಆ ಹೆಸರಿನಲ್ಲಿ ಹುಡುಕಿ. ತೋಟ ಕೈ ಬದಲಾದಾಗ ಹೆಸರು ಬದಲಾಯಿಸೋದು, ಎರಡು ತೋಟ ಸೇರಿಸಿ ಒಂದು ಹೆಸರಿಡೋದು ಆಗ ಮಾಮೂಲು. ಮೆಕಿನನ್ ಸ್ಕಾಟ್ಲೆಂಡಿನವರು, ಕಾಫಿ ಯಂತ್ರಕ್ಕೆ ಹೆಸರಾದವರು. ಆದರೆ ಯಂತ್ರ ಸೆಕೆಂಡ್ ಹ್ಯಾಂಡ್ ಬಂದಿರಬಹುದು, ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

ದೊರೆ ಯಾಕೆ ಮಾರಿದ ಅನ್ನೋದಕ್ಕೆ ಸ್ವಾತಂತ್ರ್ಯ ಒಂದೇ ಉತ್ತರ ಅಲ್ಲ. 1930ರ ದಶಕದಲ್ಲಿ ಬೆಲೆ ಬಿತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ನಿಂತಿತು. 1942ರ ಕಾನೂನು ಬಂದ ಮೇಲೆ ಬೆಳೆ ಪೂರ್ತಿ ಕಾಫಿ ಮಂಡಳಿಯ ಪೂಲಿಗೆ (ಎಲ್ಲರ ಬೆಳೆ ಒಟ್ಟು ಸೇರಿಸಿ ಮಾರುವ ವ್ಯವಸ್ಥೆ) ಹೋಗಬೇಕಾಯಿತು. ವಯಸ್ಸಾದ ದೊರೆಗೆ ಊರಿಗೆ ಹೋಗೋಣ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ. ಕೊಂಡವರ ಕೈಯಲ್ಲಿ ತೋಟ ಒಡೆಯದೆ ಉಳಿದದ್ದಕ್ಕೂ ಒಂದು ಕಾರಣ ಇದೆ. ಭೂಸುಧಾರಣೆಯಲ್ಲಿ ಗದ್ದೆ ಹೋಯಿತು, ಕಾಫಿ ತೋಟಕ್ಕೆ ಕಾನೂನೇ ವಿನಾಯಿತಿ ಕೊಟ್ಟಿತ್ತು. ಗದ್ದೆ ಕಳೆದುಕೊಂಡ ಮನೆತನಗಳ ಮನೆ ಬಿದ್ದದ್ದು, ತೋಟದವರ ಬಂಗಲೆ ನಿಂತದ್ದು, ಎರಡನ್ನೂ ನಮ್ಮ ತಾಲ್ಲೂಕಲ್ಲೇ ಅಕ್ಕಪಕ್ಕ ನೋಡಬಹುದು.

ಘಟ್ಟದ ಕೆಳಗಿನವ

ಹೈದ, ಆ ಅಟ್ಟದ ರಾಶಿಯಲ್ಲಿ ಚೆಕ್‌ರೋಲ್ ಇದೆಯಾ? ಆಳುಗಳ ಹಾಜರಿ ಪುಸ್ತಕ. ಉದ್ದಕ್ಕೆ ಹೆಸರು, ಅಡ್ಡಕ್ಕೆ ತಾರೀಕು, ಕೊನೆಗೆ ಮುಂಗಡ, ಬಾಕಿ. ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ದೊರೆಯ ಹೆಸರು ಲಂಡನ್ನಿನಲ್ಲೂ ಸಿಗುತ್ತೆ. ಇವರ ಹೆಸರು ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಕಿತ್ತಳೆ ತೋಟ

ಈ ಮಾತಿಗೆ ನನ್ನದೂ ಒಂದು ಓಟು. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಂಥ ಪುಸ್ತಕಗಳನ್ನು ಒಲೆಗೆ ಹಾಕಿದರು. ಹೇಳಿ ಮುಗಿಸುವಷ್ಟರಲ್ಲಿ ಬೂದಿ.

ಹಾನುಬಾಳ್ ಹೈದ

ಚೆಕ್‌ರೋಲ್ ಇದೆ. ಐದಾರು ಪುಸ್ತಕ, ಎರಡು ಓದುವ ಸ್ಥಿತಿಯಲ್ಲಿವೆ. ರೈಟರ್ (ತೋಟದ ಗುಮಾಸ್ತ) ಕೈಬರಹ ಚೆನ್ನಾಗಿದೆ, ಆದರೆ ತುಂಬ ಕಡೆ ಪೆನ್ಸಿಲ್. ಹೆಸರಿನ ಪಕ್ಕ ಊರು ಬರೆದಿದ್ದಾರೆ. ಬಂಟ್ವಾಳ, ಬೆಳ್ತಂಗಡಿ ಜಾಸ್ತಿ ಕಾಣುತ್ತಿದೆ. ನಿಮ್ಮವರು ಯಾವ ತೋಟಕ್ಕೆ ಬಂದಿದ್ದರು ಅಂತ ಗೊತ್ತಾ?

ತಮ್ಮನ ಜೊತೆ ಮಾತಾಡಿದೆ. ಮೊದಲು ಸಿಟ್ಟು ಮಾಡಿಕೊಂಡ. ಆಮೇಲೆ ಮೂಲೆಯ ಸಂದು ತೋರಿಸಿದೆ, ತೊಲೆ ತೋರಿಸಿದೆ. ಈಗ ಅವನೇ ಬಂದವರಿಗೆಲ್ಲ ಟಾರ್ಚ್ ಹಾಕಿ ತೋರಿಸುತ್ತಿದ್ದಾನೆ, ‘ಇದು ಹಳೇ ಮನೆ, ಇದು ಹೊಸಾ ಮನೆ’ ಅಂತ. ಬೋರ್ಡಿನಲ್ಲಿ ಇಸವಿ ಇಲ್ಲ. ಪೇಂಟರ್ ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ.

ಘಟ್ಟದ ಕೆಳಗಿನವ

ಯಾವ ತೋಟ ಅಂತ ಅಜ್ಜಿಗೂ ಗೊತ್ತಿರಲಿಲ್ಲ, ‘ಮಂಜರಾಬಾದ್’ ಅಂತಷ್ಟೇ ಹೇಳುತ್ತಿದ್ದರು. ಪರವಾಗಿಲ್ಲ, ಊರಿನ ಹೆಸರು ಇದೆಯಲ್ಲ, ಹುಡುಕೋಣ. ನಮ್ಮ ಕಡೆ ಇನ್ನೂ ಕೆಲವು ಮನೆಯವರು ಕೇಳುತ್ತಾರೆ.

ಹಳೇ ದಫ್ತರ

ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ. ಬೆಳಿಗ್ಗೆ ಕಿಟಕಿ ಪಕ್ಕ ಇಟ್ಟು ಬೆಳಕು ಓರೆಯಾಗಿ ಬೀಳುವ ಹಾಗೆ ತೆಗೆಯಿರಿ, ಪೆನ್ಸಿಲ್ ಬರಹ ಏಳುತ್ತೆ. ಅಂಟಿಕೊಂಡ ಹಾಳೆಯನ್ನು ಕೈಯಲ್ಲಿ ಕೀಳಬೇಡಿ. ಪ್ರತಿ ಪುಸ್ತಕದ ರಟ್ಟು, ಮೊದಲ ಹಾಳೆ ಮರೆಯದೆ ತೆಗೆಯಿರಿ, ತಿಂಗಳು, ಇಸವಿ ಅಲ್ಲೇ ಇರೋದು. ಮೊದಲ ಹತ್ತು ಪುಟ ಇಲ್ಲಿ ಹಾಕಿ. ಓದುವುದಕ್ಕೆ ನಾನೂ ಕೂರುತ್ತೇನೆ.